ಅರ್ಧಗೂಡು

ನಾನು ಪಾಠ ಮಾಡುವುದು ಕೊಡಗಿನ ಸುಂಟಿಕೊಪ್ಪ ಕಡೆಯ ಕಾಫಿ ತೋಟಗಳ ನಡುವಿನ ಸರ್ಕಾರಿ ಶಾಲೆಯಲ್ಲಿ. ನಲಿ-ಕಲಿ ಕೋಣೆಯಾದ್ದರಿಂದ ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೇ ಕೂರುತ್ತಾರೆ. ಹೆಚ್ಚಿನವರು ಲೈನ್‌ಮನೆಯವರು, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ ಮಕ್ಕಳು. ಮನೆಯಲ್ಲಿ ಯರವ, ತಮಿಳು, ಮಲಯಾಳಂ, ಅರೆಭಾಷೆ. ಕನ್ನಡ ಶಾಲೆಗೆ ಬಂದ ಮೇಲೆ. ಚಿತ್ರಪುಸ್ತಕ ಹಿಡಿದದ್ದೇ ಅದಕ್ಕೆ. ಚಿತ್ರ ನೋಡಿ ಮಾತಾಡಲು ಯಾವ ಭಾಷೆಯಾದರೂ ಸಾಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ 2015ರಿಂದ ಇದೆ, ಕನ್ನಡದ ಕಥೆಗಳೂ ಪುಕ್ಕಟೆ ಸಿಗುತ್ತವೆ. ಪ್ರಿಂಟ್ ಹಾಕಿಸಿ ತರುತ್ತೇನೆ. ಜುಲೈ ಮಳೆಗೆ ಹಾಳೆಗಳು ಬೂಷ್ಟು ಹಿಡಿಯುತ್ತವೆಂದು ಬಿಸಿಯೂಟದ ಒಲೆಯ ಹತ್ತಿರದ ಕಪಾಟಿನಲ್ಲಿ ಇಡುತ್ತೇನೆ.

ಮೊದಮೊದಲು ತಪ್ಪಿದ್ದು ನಾನೇ. ಸೋತು ಸೋತು ಕೊನೆಗೆ ಗೆಲ್ಲುವ ಕಥೆ ಓದಿ, "ಏನು ಕಲಿತಿರಿ?" ಅಂತ ಕೇಳುತ್ತಿದ್ದೆ. "ಪ್ರಯತ್ನ ಬಿಡಬಾರದು ಟೀಚರ್!" ಅಂತ ಇಡೀ ಕೋಣೆ ಕೂಗುತ್ತಿತ್ತು. ಮುಂದಿನ ಗಂಟೆಯಲ್ಲೇ ಎರಡನೇ ತರಗತಿಯ ಹುಡುಗನೊಬ್ಬ ಆನೆಯ ಹಿಂಗಾಲು ಬರಲಿಲ್ಲವೆಂದು ಉಜ್ಜಿ ಉಜ್ಜಿ ಹಾಳೆ ತೂತು ಮಾಡಿ, ಮುದುಡಿ ಎಸೆದ.

ಆ ಮಳೆಗಾಲದಲ್ಲಿ ಹಾರಂಗಿ ಕಡೆಯ ನೆಂಟರ ಮನೆಯಿಂದ ಹುಡುಗಿಯೊಬ್ಬಳು ಗೀಜಗನ ಗೂಡು ತಂದಳು. ಗದ್ದೆ ಬದಿಯಲ್ಲಿ ಬಿದ್ದಿತ್ತಂತೆ. ಕೊಳವೆ ಇಲ್ಲ, ಬರೀ ಟೊಪ್ಪಿಯ ಹಾಗೆ. ಗಂಡು ಗೀಜಗ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ. ಒಪ್ಪದಿದ್ದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈಹಾಕಬೇಕು. ಒಂದು ಗೂಡು ಮುಗಿಸಲು 500 ಸಲದವರೆಗೂ ಹಾರಿ ಬರುತ್ತದೆ.

ಅವತ್ತು ರಾತ್ರಿ ಹಳೇ ಕ್ಯಾಲೆಂಡರ್‌ಗಳ ಹಿಂಬದಿಯಲ್ಲಿ ಅದನ್ನೇ ಚಿತ್ರಕಥೆಯಾಗಿ ಬರೆದೆ. ಹತ್ತು ಹಾಳೆ, ಅಕ್ಷರವಿಲ್ಲ. ಮಕ್ಕಳಿಗೆ ತೋರಿಸುವಾಗ ಹೆಣ್ಣು ಗೂಡು ನೋಡಿ ಹಾರಿಹೋಗುವ ಪುಟಕ್ಕೆ ನಿಲ್ಲಿಸಿ, ಉಳಿದವಕ್ಕೆ ಕ್ಲಿಪ್ ಹಾಕಿಬಿಟ್ಟೆ. ನಾಲ್ಕು ದಿನ ತೆಗೆಯಲಿಲ್ಲ.

ಎರಡನೇ ದಿನದಿಂದ ಜಗಳ ಶುರು. "ಒಣಹುಲ್ಲು ತಂದಿದೆ, ಅದಕ್ಕೇ ಬೇಡ ಅಂದಳು." "ಇಲ್ಲ, ಕೊಂಬೆ ಸರಿಯಿಲ್ಲ." ಗೂಡು ತಂದವಳು ಭತ್ತದ ಗರಿ ಸೀಳಿ ಕಡ್ಡಿಗೆ ಗಂಟು ಹಾಕಲು ಕೂತಳು. ಗರಿ ಬೆರಳು ಕೊಯ್ಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು. ಹಸಿ ಗರಿಯಾದರೆ ಬಾಗುತ್ತದೆ, ಒಣಗಿದ್ದು ಮುರಿಯುತ್ತದೆ ಅಂತ ಅವಳೇ ಕಂಡುಕೊಂಡಳು. ನಾನು ಬಾಯಿ ಬಿಡಲಿಲ್ಲ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಮೇಷ್ಟ್ರುಗಳಿಗೆ ಬಹಳ ಕಷ್ಟದ ಕೆಲಸ.

ಆಮೇಲೆ ರಬ್ಬರ್‌ಗಳನ್ನೆಲ್ಲ ಡಬ್ಬಿಗೆ ಹಾಕಿ ಮೇಲಿಟ್ಟೆ. ಸರಿಬಾರದ ಚಿತ್ರ ಹಗ್ಗಕ್ಕೆ ನೇತುಬೀಳುತ್ತದೆ. ಮಕ್ಕಳೇ ಅದಕ್ಕೆ ಹೆಸರಿಟ್ಟಿದ್ದಾರೆ: "ಅರ್ಧಗೂಡು ಟೀಚರ್, ನಾಳೆ ಬರೀತೇನೆ."

ಆನೆ ಬರೆದವನ ಹಾಳೆಯನ್ನು ಅವತ್ತೇ ಎತ್ತಿ, ಸುಕ್ಕು ಬಿಡಿಸಿ ಇಟ್ಟುಕೊಂಡಿದ್ದೆ. ಅದನ್ನೂ ಹಗ್ಗಕ್ಕೆ ಹಾಕಿದೆ. ಮೂರು ದಿನ ಅತ್ತ ನೋಡಲಿಲ್ಲ. ಆಮೇಲೊಂದು ಬೆಳಿಗ್ಗೆ ತೂತಿನ ಸುತ್ತ ಮುಳ್ಳುತಂತಿ ಬರೆಯುತ್ತಿದ್ದ. "ಇದು ಬೇಲಿ ಕಂಡಿ. ಆನೆ ಇಲ್ಲೇ ದಾಟಿದ್ದು" ಅಂದ. ತೋಟದ ಮಗು; ಅಂಥ ಕಂಡಿ ಎಷ್ಟು ನೋಡಿದ್ದಾನೋ. ಹಿಂದೆ ಇನ್ನೊಂದು ಹಾಳೆ ಇಟ್ಟು ಕಂಡಿಯಿಂದ ಬಾಲ ಮಾತ್ರ ಕಾಣುವಂತೆ ಮಾಡಿದ. ಅದರ ಹಿಂದಿನ ಹಾಳೆಯಲ್ಲಿ ಹಲಸಿನ ಮರ, ಅದರ ಹಿಂದೆ ಲದ್ದಿ. ಈಗ ಆರು ಹಾಳೆಯ ಪುಸ್ತಕವಾಗಿದೆ. ಕೊನೆಯ ಪುಟದ ಇಡೀ ಆನೆಗೆ ಹಿಂಗಾಲು ಇನ್ನೂ ಬಂದಿಲ್ಲ. ನಿನ್ನೆ ನಾಲ್ಕನೆಯ ಸಲ ಬರೆದು ತಾನೇ ಹಗ್ಗಕ್ಕೆ ಸಿಕ್ಕಿಸಿ ಹೋದ.