ಅಧ್ಯಕ್ಷರ ಚುನಾವಣೆಗೆ ಸಭೆ ಕರೆಸಿದ ಮ್ಯಾಂಡಮಸ್: ನನ್ನ ಅನುಭವ

ಪುರಸಭೆ ಅಧ್ಯಕ್ಷರ ಚುನಾವಣೆಗೆ ದಿನ ಗೊತ್ತು ಮಾಡಿ ಎಂದು ಹೈಕೋರ್ಟಿನಿಂದ ಮ್ಯಾಂಡಮಸ್, ಅಂದರೆ ಅಧಿಕಾರಿಗೆ ಅವರ ಕರ್ತವ್ಯ ಮಾಡಿ ಎನ್ನುವ ಆದೇಶ, ತರುತ್ತೇನೆ ಎಂದಾಗ ನಮ್ಮ ವಕೀಲರ ಸಂಘದಲ್ಲಿ ನಕ್ಕವರೇ ಜಾಸ್ತಿ. "ಸಂವಿಧಾನದ 243ಝಡ್‌ಜಿ ವಿಧಿ ಇದೆ ಕಣಯ್ಯಾ, ಚುನಾವಣೆ ವಿಷಯಕ್ಕೆ ಕೋರ್ಟ್ ಕೈ ಹಾಕಲ್ಲ" ಎಂದರು ಒಬ್ಬ ಹಿರಿಯರು. ಕೊನೆಗೆ ಆದೇಶವೂ ಬಂತು, ಸಭೆಯೂ ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ. ರಿಟ್ ಹಾಕುವುದು ಹೇಗೆ ಅನ್ನುವುದನ್ನೆಲ್ಲ ಬಿಡುತ್ತೇನೆ, ಓದುವವರಿಗೆ ಅದು ಗೊತ್ತೇ ಇರುತ್ತದೆ.

ಹಿನ್ನೆಲೆ ಇಷ್ಟು. 2018ರಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಿಂದ 2020ರ ಕೊನೆಯವರೆಗೂ ಸುಮ್ನೆ ಕೂತಿದ್ದರು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಪಟ್ಟಿ ಬಂದ ಮೇಲೂ ನಮ್ಮ ಊರಲ್ಲಿ ಸಭೆ ಕರೆಯಲಿಲ್ಲ. ಆಡಳಿತಾಧಿಕಾರಿಯೇ ಬಿಲ್‌ಗಳಿಗೆ ಸಹಿ ಹಾಕುತ್ತಿದ್ದರು. ಕೇಳಲು ಹೋದರೆ "ಕೇಸ್ ಇದೆ, ಸ್ಟೇ ಇದೆ" ಎಂದು ಬಾಯಿ ಮಾತಿನ ಉತ್ತರ.

ಸ್ಟೇ ಇದ್ದದ್ದು ಬೇರೆ ಊರಿನ ಪಟ್ಟಿಗೆ. ನಮ್ಮದಕ್ಕೆ ಯಾರೂ ಕೇಸೇ ಹಾಕಿರಲಿಲ್ಲ.

ಮೊದಲ ಅರ್ಜಿಯಲ್ಲಿ ಹತ್ತು ಹನ್ನೊಂದು ಸದಸ್ಯರಿದ್ದರು. ಎಲ್ಲರೂ ತಮ್ಮ ಹೆಸರು ಇರಲೇಬೇಕು ಎಂದರು, ನೋಡಲೂ ಚೆನ್ನಾಗಿತ್ತು. ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಅವರಲ್ಲಿ ಇಬ್ಬರು ಎದುರು ಗುಂಪಿಗೆ ಹೋಗಿ, ನಾವು ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಸಹಿಯೇ ಹಾಕಿಲ್ಲ ಎಂದು ಬೇರೆ ವಕೀಲರ ಮೂಲಕ ಹೇಳಿಸಿದರು. ಕೋರ್ಟ್ ಹಾಲಿನಲ್ಲಿ ಅದನ್ನು ಕೇಳಿಸಿಕೊಂಡು ನಿಲ್ಲುವುದು ಎಂಥ ಅನುಭವ ಅಂತ ಅನುಭವಿಸಿದವರಿಗೇ ಗೊತ್ತು. ಕೊನೆಗೆ ಸಿಕ್ಕಿದ್ದು ನಾವೆಲ್ಲ ನೋಡಿರುವ ಅದೇ ಆದೇಶ: ಮನವಿಯನ್ನು ಕಾನೂನು ಪ್ರಕಾರ ಪರಿಗಣಿಸಿ. ಪರಿಗಣಿಸಿ ಎಂದರೆ ಅಧಿಕಾರಿ ಪರಿಗಣಿಸುತ್ತಾರೆ, ಅಷ್ಟೇ. ಕೆಲವು ವಾರ ಬಿಟ್ಟು ಅಧಿಕಾರಿಯಿಂದ ಒಂದು ಹಿಂಬರಹ, ಅಂದರೆ ಲಿಖಿತ ಉತ್ತರ, ಬಂತು: ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರುವುದರಿಂದ ಸದ್ಯಕ್ಕೆ ಸಭೆ ಕರೆಯಲು ಬರುವುದಿಲ್ಲ.

ಸದಸ್ಯರು ಮುಖ ಸಪ್ಪೆ ಮಾಡಿಕೊಂಡರು. ನನಗೆ ಮಾತ್ರ ಖುಷಿ. ಕೇಳಿದ್ದೆವು, ಆಗಲ್ಲ ಎಂದಿದ್ದಾರೆ, ಅದೂ ಸೀಲು ಸಹಿ ಸಮೇತ. ಮ್ಯಾಂಡಮಸ್‌ಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಾ?

ಎರಡನೇ ಅರ್ಜಿಗೆ ಎರಡೇ ಜನ. ಇಬ್ಬರಿಗೂ ಅಧ್ಯಕ್ಷ ಸ್ಥಾನದ ಮೀಸಲಾತಿ ಬರುವುದಿಲ್ಲ, ಅಂದರೆ ಕುರ್ಚಿ ಆಸೆಗೆ ಬಂದವರು ಎನ್ನುವ ಹಾಗಿಲ್ಲ. ಇದನ್ನು ಬೇಕೆಂದೇ ಮಾಡಿದೆ. ಹಿಂಬರಹ ರದ್ದು ಮಾಡಿ ಎಂಬುದು ಒಂದು ಪ್ರೇಯರ್ (ಕೋರಿಕೆ), ಇಷ್ಟು ದಿನದೊಳಗೆ ಸಭೆ ನಡೆಸಿ ಎಂಬುದು ಇನ್ನೊಂದು. ದಿನದ ಗಡುವು ಹಾಕದಿದ್ದರೆ ಮತ್ತೆ ಪರಿಗಣಿಸಿ ಅನ್ನುವ ದಾರಿಗೇ ಹೋಗುತ್ತದೆ. ಮೂರನೆಯ ಪ್ರೇಯರ್ ಒಂದಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಪಕ್ಷದವರೂ ಓದುತ್ತಾರೆ.

ಇನ್ನು 243ಝಡ್‌ಜಿ ವಿಷಯ. ಅದಕ್ಕೆ ಹೆದರಿ ಎಷ್ಟೋ ಜನ ಬಾಗಿಲಲ್ಲೇ ವಾಪಸಾಗುತ್ತಾರೆ. ಚುನಾವಣೆ ನಿಲ್ಲಿಸಿ ಎಂದು ಹೋದರೆ ಅದು ಅಡ್ಡ ಬರುತ್ತದೆ, ನಿಜ. ನಡೆಸಿ ಎಂದು ಹೋದರೆ ಯಾಕೆ ಬರಬೇಕು? 2000ದ ಅಶೋಕ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿದೆ. 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣ ಅಹಮದಾಬಾದ್ ಪಾಲಿಕೆಯದು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು, ಸರ್ಕಾರ ಸಹಕರಿಸದಿದ್ದರೆ ಚುನಾವಣಾ ಆಯೋಗವೇ ಹೈಕೋರ್ಟಿಗೆ ಹೋಗಬಹುದು ಎಂದಿದೆ. ಅದು ಸದಸ್ಯರ ಚುನಾವಣೆ, ಅಧ್ಯಕ್ಷರದ್ದಲ್ಲ ಎಂದು ಸರ್ಕಾರಿ ವಕೀಲರು ಹೇಳುತ್ತಾರೆ ಎಂದು ಗೊತ್ತಿತ್ತು, ಹಾಗೇ ಹೇಳಿದರು. ನನ್ನ ಉತ್ತರ ತಯಾರಿತ್ತು. 243ಯು ಪ್ರಕಾರ ಕೌನ್ಸಿಲ್ಲಿನ ಐದು ವರ್ಷ ಮೊದಲ ಸಭೆಯ ದಿನದಿಂದ ಓಡುತ್ತಲೇ ಇರುತ್ತದೆ, ಅಧಿಕಾರಿ ತಡ ಮಾಡಿದರು ಅಂತ ಒಂದು ದಿನವೂ ಹೆಚ್ಚಾಗಲ್ಲ, ಹಾಗಾಗಿ ಇಲ್ಲಿ ಕಳೆದ ಪ್ರತಿ ತಿಂಗಳೂ ಮುಂದಿನ ಅಧ್ಯಕ್ಷರ 30 ತಿಂಗಳಲ್ಲಿ ಕಡಿತವಾಗುತ್ತದೆ. ಈ ಒಂದು ಮಾತಿಗೆ ಪೀಠದಿಂದ ನೇರವಾಗಿ ಸರ್ಕಾರಿ ವಕೀಲರಿಗೆ ಪ್ರಶ್ನೆ ಹೋಯಿತು: ತೊಂದರೆ ಏನು? ಸೂಚನೆ ಪಡೆದು ಹೇಳುತ್ತೇವೆ ಎಂದರು.

ನಡುವೆ ಒಂದು ಆರ್‌ಟಿಐ ಪ್ರಯೋಗವನ್ನೂ ಮಾಡಿದ್ದೆ. 10 ರೂಪಾಯಿ ಖರ್ಚು. ಬೇರೆಯವರು ಕೇಳುವ ಹಾಗೆ "ಸಭೆ ಯಾಕೆ ಕರೆದಿಲ್ಲ" ಎಂದು ಕೇಳಲಿಲ್ಲ, ಕೇಳಿದ್ದರೆ ಅದು ಮಾಹಿತಿಯೇ ಅಲ್ಲ ಎಂದು ವಾಪಸ್ ಬರುತ್ತಿತ್ತು. ಕಡತದ ಟಿಪ್ಪಣಿ ಹಾಳೆಯ ನಕಲು ಕೊಡಿ ಎಂದಷ್ಟೇ ಕೇಳಿದೆ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದ ಎಂಬ ಮಿತಿ ಇದೆಯಲ್ಲ, ನನಗೆ ಎರಡೇ ಸಾಲು ಸಾಕಾಯಿತು. ಬಂದ ಹಾಳೆಯಲ್ಲಿ ಕೇಸ್‌ವರ್ಕರ್ "ದಿನಾಂಕ ನಿಗದಿಗಾಗಿ ಮಂಡಿಸಿದೆ" ಎಂದು ಎರಡು ಸಲ ಬರೆದಿದ್ದರು. ಮೇಲಿನವರ ಸಹಿ ಎರಡು ಸಲವೂ ಇಲ್ಲ. ಸ್ಟೇ ಎಂಬ ಪದವೇ ಎಲ್ಲೂ ಇಲ್ಲ! ಅದನ್ನು ಮೆಮೋ ಜೊತೆ ಕೋರ್ಟಿಗೆ ಹಾಕಿದೆ. ಕೇಸನ್ನು ಗೆಲ್ಲಿಸಿದ್ದು ತೀರ್ಪುಗಳಿಗಿಂತ ಆ ಹಾಳೆಯೇ ಅಂತ ನನ್ನ ಲೆಕ್ಕ.

ಇನ್ನೊಂದು ಕಚೇರಿಗೂ ದೂರು ಕೊಟ್ಟು ನೋಡಿದೆವು. ಇದು ನಮ್ಮ ವ್ಯಾಪ್ತಿಗೆ ಬರಲ್ಲ ಎಂದು ಕಳಿಸಿದರು. ಅಂಚೆ ಖರ್ಚು ದಂಡ.

ಖರ್ಚಿನ ಮಾತಿಗೆ ಬಂದರೆ, ಕೋರ್ಟ್ ಫೀ ತಲಾ 100 ರೂಪಾಯಿ, ಅದೊಂದು ಖರ್ಚೇ ಅಲ್ಲ. ಟೈಪಿಂಗ್, ಜೆರಾಕ್ಸ್, ಗುಮಾಸ್ತರು, ಓಡಾಟ, ಲಾಡ್ಜ್ ಎಲ್ಲ ಸೇರಿ ಎರಡೂ ಅರ್ಜಿಗೆ ಮೂವತ್ತೈದು ನಲವತ್ತು ಸಾವಿರ ಆಗಿರಬೇಕು, ನನ್ನ ಫೀಸು ಬಿಟ್ಟು. ಮೊದಲನೆಯದಕ್ಕೆ ಹನ್ನೊಂದು ಜನ ಹಂಚಿಕೊಳ್ಳುತ್ತೇವೆ ಎಂದಿದ್ದರು. ಕೊಟ್ಟವರು ನಾಲ್ಕೋ ಐದೋ ಜನ.

ಆದೇಶ ಬಂದ ಮೇಲೂ ಕೆಲಸ ಮುಗಿಯಲ್ಲ. ಸರ್ಟಿಫೈಡ್ ಕಾಪಿ ಬರಲಿ ಎಂದು ಅಧಿಕಾರಿ ಕಾಯುತ್ತಾರೆ. ನಾನು ವೆಬ್‌ಸೈಟಿನ ಪ್ರತಿಯನ್ನು ಅದೇ ವಾರ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೆ, ಸರ್ಟಿಫೈಡ್ ಕಾಪಿ ಆಮೇಲೆ ಕೊಟ್ಟೆ. ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಕಾಲಮಿತಿ ಇದೆ ನಿಜ, ಆದರೆ ನಾನು ಗಡುವು ಮುಗಿದ ಮರುದಿನವೇ ಹಾಕಲು ಅದನ್ನು ಮೊದಲೇ ಟೈಪ್ ಮಾಡಿಸಿ ಇಟ್ಟಿದ್ದೆ. ಅದು ಟೈಪ್ ಆಗಿದೆ ಎಂಬ ಸುದ್ದಿ ಅವರ ಕಚೇರಿಗೆ ಹೇಗೆ ತಲುಪಿತು ಅನ್ನುವುದು ನನ್ನ ಇನ್ನೊಂದು ಗುಟ್ಟು. ಗಡುವಿಗೆ ಎರಡು ಮೂರು ದಿನ ಇರುವಾಗ ಸಭೆ ನಡೆಯಿತು, ರೆಸಾರ್ಟಿನಿಂದ ಸದಸ್ಯರು ನೇರ ಬಂದು ಕೈ ಎತ್ತಿದರು.

ಗೆದ್ದವರು ನನ್ನ ಅರ್ಜಿದಾರರ ಎದುರು ಗುಂಪಿನವರು. ಸಭೆ ನಡೆಸಿ ಎಂದು ಕೋರ್ಟ್ ಹೇಳಬಹುದು, ಯಾರನ್ನು ಆರಿಸಿ ಎಂದು ಹೇಳುತ್ತದಾ? ಹೊಸ ಅಧ್ಯಕ್ಷರು ಈಗ ಸ್ಥಾಯಿ ಸಮಿತಿ ಚುನಾವಣೆಗೆ ಸಭೆ ಕರೆಯುತ್ತಿಲ್ಲವಂತೆ. ಅರ್ಜಿದಾರರಿಬ್ಬರೂ ಮತ್ತೆ ಬಂದಿದ್ದರು. ಹಳೇ ಬಾಕಿ ಕೊಡಿ, ಆಮೇಲೆ ನೋಡೋಣ ಎಂದಿದ್ದೇನೆ.