ಹೊಳೆದಂಡೆಯ ನಡಿಗೆ: ಹಕ್ಕಿ ನೋಡುವುದು, ಚಿತ್ರ ತೆಗೆಯುವುದು ಹೇಗೆ?

ನದಿಗುಂಟ ನಡೆಯುವ ರಜೆಗೆ ಹೊರಟವರು ಮೊದಲು ಲೆಕ್ಕ ಹಾಕುವುದು ಕಿಲೋಮೀಟರನ್ನು. ಇಂದು 15, ನಾಳೆ 20. ನಡಿಗೆಯೊಂದೇ ಉದ್ದೇಶವಾದರೆ ಸರಿ. ಹಕ್ಕಿ ನೋಡಬೇಕು, ಚಿತ್ರವನ್ನೂ ತೆಗೆಯಬೇಕು ಎಂದಿದ್ದರೆ ಆ ಲೆಕ್ಕವನ್ನು ಅರ್ಧಕ್ಕಿಳಿಸಿ. ಕಾಡಿನಲ್ಲಾದರೆ ಹಕ್ಕಿಯನ್ನು ಹುಡುಕಿಕೊಂಡು ಅಲೆಯಬೇಕು. ಹೊಳೆಯಲ್ಲಿ ನೀರೇ ಅವುಗಳ ಓಡಾಟದ ದಾರಿ, ಮೇವಿನ ಜಾಗವೂ ಅದೇ. ಒಳ್ಳೆಯ ತಿರುವು ನೋಡಿ ಒಂದು ಗಂಟೆ ಕೂತರೆ, ಓಡುನಡಿಗೆಯಲ್ಲಿ ದಿನವಿಡೀ ಕಾಣದ್ದು ಕಾಣುತ್ತದೆ.

ಮೊದಲು ನಕ್ಷೆ

ಹೊರಡುವ ಹಿಂದಿನ ದಿನವೇ ನಕ್ಷೆ ಬಿಡಿಸಿ ನದಿ ಯಾವ ದಿಕ್ಕಿಗೆ ಹರಿಯುತ್ತದೆ ನೋಡಿ. ಉತ್ತರ–ದಕ್ಷಿಣವಾಗಿ ಹರಿಯುವ ಹೊಳೆಯಾದರೆ ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ. ಹೀಗಾದರೆ ಸೂರ್ಯ ಬೆನ್ನಿಗಿರುತ್ತಾನೆ, ಬೆಳಕು ಹಕ್ಕಿಯ ಮೇಲೆ ಬೀಳುತ್ತದೆ. ಪೂರ್ವ–ಪಶ್ಚಿಮವಾಗಿ ಹರಿಯುವ ಹೊಳೆಯಾದರೆ ಬೆಳಿಗ್ಗೆ ಪಶ್ಚಿಮಕ್ಕೆ ಮುಖ ಮಾಡಿ ನಡೆಯಿರಿ. ಇಷ್ಟು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಎದುರು ಬಿಸಿಲಿನಲ್ಲಿ ಹಕ್ಕಿಯ ಬಣ್ಣ ತೆಗೆಯುವುದು ಕಷ್ಟ.

ನಕ್ಷೆಯಲ್ಲಿ ತಿರುವುಗಳನ್ನು ಗುರುತು ಹಾಕಿಕೊಳ್ಳಿ. ತಿರುವಿನ ಹೊರಬದಿಯಲ್ಲಿ ನೀರು ದಂಡೆಯನ್ನು ಕೊರೆಯುತ್ತದೆ. ಅಲ್ಲಿ ಮಡು ಆಳ, ಮಣ್ಣಿನ ಗೋಡೆ ಕಡಿದು. ಮಿಂಚುಳ್ಳಿ, ಪತ್ರಂಗಗಳು ಗೂಡಿಗೆಂದು ಬಿಲ ಕೊರೆಯುವುದು ಇಂಥ ಗೋಡೆಗಳಲ್ಲೇ. ಒಳಬದಿಯಲ್ಲಿ ಹರಿವು ನಿಧಾನವಾಗಿ ಮರಳು, ನುರುಜುಗಲ್ಲು ಬಂದು ಕೂರುತ್ತದೆ. ತೆಳು ನೀರಿನಲ್ಲಿ ಮೇಯುವ ಉದ್ದಕಾಲಿನ ಹಕ್ಕಿಗಳು ಅಲ್ಲಿ ಸಿಗುತ್ತವೆ. ನೀರುನಾಯಿಯ ಹೆಜ್ಜೆಯೂ ಆ ಒದ್ದೆ ಮರಳಿನಲ್ಲೇ ಮೂಡಿರುತ್ತದೆ. ಉಪನದಿ ಬಂದು ಸೇರುವ ಜಾಗ, ನೀರಿಗೆ ಬಾಗಿದ ಒಣಮರ ಕಂಡರೆ ಅವನ್ನೂ ಬಿಡಬೇಡಿ.

ಹೊರೆ ಕಡಿಮೆ ಮಾಡಿ

ಬೈನಾಕ್ಯುಲರ್ ಇಲ್ಲದೆ ಬರೀ ಕ್ಯಾಮೆರಾ ಹಿಡಿದು ಹೋಗುವವರು ಹಕ್ಕಿಗಿಂತ ಹೆಚ್ಚಾಗಿ ನೋಡುವುದು ಪರದೆಯನ್ನು. 8×42 ಸಾಕು. ಇದರಲ್ಲಿ 8 ಎಂದರೆ ವಸ್ತು ಎಷ್ಟು ಪಟ್ಟು ಹತ್ತಿರವಾಗಿ ಕಾಣುತ್ತದೆ ಎಂಬುದು, 42 ಎಂದರೆ ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. 10 ಪಟ್ಟಿನದು ಆಕರ್ಷಕವೆನಿಸಬಹುದು. ಆದರೆ ನಡೆದು ಏದುಸಿರು ಬಿಡುತ್ತಿರುವಾಗ ಅದು ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ.

ಕ್ಯಾಮೆರಾಕ್ಕೆ 100–400 ಎಂಎಂ ಜೂಮ್ ಲೆನ್ಸ್ ಒಂದಿದ್ದರೆ ದಿನವಿಡೀ ಹೊತ್ತು ನಡೆಯಬಹುದು. ಎಪಿಎಸ್‌-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾಗಳಲ್ಲಿ ಹೆಚ್ಚಿನವು ನೋಟವನ್ನು ಒಂದೂವರೆ ಪಟ್ಟು ಬಿಗಿಗೊಳಿಸುವುದರಿಂದ ಅದೇ ಲೆನ್ಸ್ 600 ಎಂಎಂನಷ್ಟು ಹತ್ತಿರ ತರುತ್ತದೆ. ಟ್ರೈಪಾಡ್ ಬೇಡ, ಒಂಟಿಕಾಲಿನ ಮೊನೊಪಾಡ್ ಸಾಕು. ಏರಿನಲ್ಲಿ ಊರುಗೋಲೂ ಆದೀತು. ಮುಖ್ಯವಾಗಿ, ಕ್ಯಾಮೆರಾ ಬ್ಯಾಗಿನೊಳಗೆ ಇರಬಾರದು. ಜಿಪ್ ಎಳೆಯುವಷ್ಟರಲ್ಲಿ ಮಿಂಚುಳ್ಳಿ ಮುಂದಿನ ತಿರುವು ದಾಟಿರುತ್ತದೆ.

ಕೂರುವ ಜಾಗ ಹಕ್ಕಿಯೇ ಹೇಳುತ್ತದೆ

ನೀರಿಗೆ ಚಾಚಿದ ಕೊಂಬೆಯ ಕೆಳಗೆ, ಬಂಡೆಯ ನೆತ್ತಿಯ ಮೇಲೆ ಬಿಳಿ ಹಿಕ್ಕೆಯ ಗೆರೆಗಳಿವೆಯೇ ನೋಡಿ. ಇದ್ದರೆ ಅದು ಯಾವುದೋ ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಜಾಗ. ಬೆಳಕು ಬೆನ್ನಿಗಿರುವಂತೆ, ಪೊದೆಯ ಮರೆಯಲ್ಲಿ, ಸಾಧ್ಯವಾದಷ್ಟು ತಗ್ಗಿನಲ್ಲಿ ಕೂತು ಕಾಯಿರಿ. ದಿಬ್ಬದ ಮೇಲೆ ಆಕಾಶಕ್ಕೆ ಎದುರಾಗಿ ನಿಂತವರನ್ನು ಹಕ್ಕಿಗಳು ದೂರದಿಂದಲೇ ಕಂಡುಬಿಡುತ್ತವೆ. ಬಟ್ಟೆ ಮಾಸಲು ಬಣ್ಣದ್ದಾಗಿದ್ದರೆ ಸಾಕು. ಸೈನಿಕರ ಹಾಗೆ ಎಲೆಬಣ್ಣದ ವೇಷ ತೊಡುವ ಅಗತ್ಯ ನನಗಂತೂ ಕಂಡಿಲ್ಲ.

ಸಣ್ಣ ನೀಲಿ ಮಿಂಚುಳ್ಳಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಚೂಪಾದ ಸಿಳ್ಳೆ, ಹಿಂದೆಯೇ ನೀರಿಗೆ ತಾಗುವಂತೆ ನೇರವಾಗಿ ಸಾಗುವ ನೀಲಿ ಗೆರೆ. ಕೂತ ಮೇಲೆ ಕೆಳಕೊಕ್ಕನ್ನು ನೋಡಿ: ಕಿತ್ತಳೆಗೆಂಪಾಗಿದ್ದರೆ ಹೆಣ್ಣು, ಪೂರ್ತಿ ಕಪ್ಪಾಗಿದ್ದರೆ ಗಂಡು. ಧುಮುಕುವುದನ್ನೇ ಸೆರೆಹಿಡಿಯುತ್ತೇನೆಂದು ಹಟ ಹಿಡಿಯಬೇಡಿ. ಕೊಂಬೆಗೆ ಫೋಕಸ್ ಮಾಡಿಟ್ಟುಕೊಂಡು ಅದು ಮರಳುವುದನ್ನು ಕಾಯಿರಿ. ಹಿಡಿದ ಮೀನನ್ನು ಕೊಂಬೆಗೆ ಬಡಿದು, ತಲೆಯ ಕಡೆಯಿಂದ ನುಂಗುತ್ತದೆ. ಚಿತ್ರಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಮೀನಿನ ತಲೆ ಕೊಕ್ಕಿನಿಂದ ಹೊರಮುಖವಾಗಿದ್ದರೆ ಅದು ಸಂಗಾತಿಗೋ ಮರಿಗೋ ಒಯ್ಯುತ್ತಿರುವ ತುತ್ತು. ಗೂಡು ಹತ್ತಿರದಲ್ಲೇ ಇರಬಹುದು ಎಂದರ್ಥ. ಆಗ ಎದ್ದು ಹಿಂದೆ ಸರಿಯಿರಿ, ನೀವು ಕೂತಿರುವಷ್ಟು ಹೊತ್ತು ಅದು ಬಿಲದೊಳಗೆ ಹೋಗಲು ಹಿಂಜರಿಯುತ್ತದೆ.

ಬೂದು ಬಕ ಕಲ್ಲಿನಂತೆ ನಿಂತಿರುತ್ತದೆ. ಹಾರುವ ಮುನ್ನ ಮೈ ಮುಂದಕ್ಕೆ ಬಾಗಿಸುತ್ತದೆ, ಬೆರಳು ಶಟರಿನ ಮೇಲಿರಬೇಕಾದ್ದು ಆಗ. ದೂರದಲ್ಲಿ ಹಾರುತ್ತಿರುವಾಗ ಗುರುತಿಸುವುದೂ ಸುಲಭ: ಬಕ ಕತ್ತನ್ನು ಮಡಿಚಿಕೊಂಡು ಹಾರುತ್ತದೆ, ಕೊಕ್ಕರೆ ಚಾಚಿಕೊಂಡು. ನೀರುನಾಯಿಯ ವಿಷಯದಲ್ಲಿ ಮಾತ್ರ ಗಾಳಿಯ ದಿಕ್ಕು ನೋಡಿಕೊಳ್ಳಬೇಕು. ಗಾಳಿ ಅದರ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಲಿ, ವಾಸನೆ ಸಿಕ್ಕರೆ ಮತ್ತೆ ತಲೆ ಎತ್ತುವುದಿಲ್ಲ.

ಕ್ಯಾಮೆರಾದಲ್ಲಿ ಏನೇನು ತಿರುಗಿಸಬೇಕು

ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್, ಹಾರುವುದಕ್ಕೆ 1/2000. ಬೆಳಗಿನ ಮಂದ ಬೆಳಕಿನಲ್ಲಿ ಇದಕ್ಕೆ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಬೇಕಾಗುತ್ತದೆ, ಏರಿಸಿ. ಇದರಿಂದ ಕಾಳುಕಾಳಾದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು.

ಹೊಳೆಯ ಚಿತ್ರಗಳಲ್ಲಿ ಹೆಚ್ಚಿನವು ಕೆಡುವುದು ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣದಲ್ಲಿ, ಅಂದರೆ ಎಕ್ಸ್‌ಪೋಶರಿನಲ್ಲಿ. ನೆರಳಿನ ಹಿನ್ನೆಲೆಯಲ್ಲಿ ನಿಂತ ಬೆಳ್ಳಕ್ಕಿಯನ್ನು ಕ್ಯಾಮೆರಾ ಅತಿಯಾಗಿ ಬೆಳಗಿಸಿ, ಗರಿಗಳೆಲ್ಲ ಒಂದೇ ಬಿಳಿ ತೇಪೆಯಾಗುತ್ತವೆ. ಎಕ್ಸ್‌ಪೋಶರನ್ನು 1 ಸ್ಟಾಪ್ ಇಳಿಸಿ, ಅಂದರೆ ಬೆಳಕನ್ನು ಅರ್ಧ ಮಾಡಿ. ಹೊಳೆಯುವ ನೀರಿನ ಮುಂದೆ ರೆಕ್ಕೆ ಬಿಡಿಸಿ ಒಣಗಿಸುತ್ತಿರುವ ನೀರುಕಾಗೆಗೆ ಇದರ ತಿರುವುಮುರುವು, 1 ಸ್ಟಾಪ್ ಏರಿಸಿ. ಪೋಲರೈಸರ್ ಫಿಲ್ಟರ್ ನೀರಿನ ಝಳಪು ತೆಗೆಯುತ್ತದೆ ನಿಜ, ಆದರೆ 1ರಿಂದ 2 ಸ್ಟಾಪಿನಷ್ಟು ಬೆಳಕನ್ನೂ ನುಂಗುತ್ತದೆ. ಹಕ್ಕಿಯ ಚಿತ್ರಕ್ಕೆ ಅದು ಲಾಭದ ವ್ಯಾಪಾರವಲ್ಲ.

ಫೋಕಸ್ ಕಣ್ಣಿನ ಮೇಲಿರಲಿ. ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಬಿಸಿಗಾಳಿ ದೂರದ ಹಕ್ಕಿಯನ್ನು ನಡುಗಿಸಿ ಮಸುಕಾಗಿಸುತ್ತದೆ. ಯಾವ ಲೆನ್ಸಿಗೂ ಇದಕ್ಕೆ ಮದ್ದಿಲ್ಲ. ಕಿಲೋಮೀಟರ್ ಮುಗಿಸಿಕೊಳ್ಳಬೇಕಾದ ಹೊತ್ತು ಅದು.

ಎಲ್ಲಿ ನಿಲ್ಲಬೇಕು

ಹಕ್ಕಿ ಮೇಯುವುದು ಬಿಟ್ಟು ಕತ್ತು ನಿಗುರಿಸಿ ನಿಮ್ಮನ್ನೇ ನೋಡತೊಡಗಿದರೆ ಇನ್ನೊಂದು ಹೆಜ್ಜೆ ಬೇಡ. ಮೊಟ್ಟೆಯಿಡುವ ಕಾಲದಲ್ಲಿ ಮರಳುದಿಬ್ಬಕ್ಕೆ ಕಾಲಿಡಬೇಡಿ. ರೀವ (ಟರ್ನ್) ಹಕ್ಕಿಗಳು ಬರೀ ನೆಲದ ಮೇಲೇ ಮೊಟ್ಟೆಯಿಡುತ್ತವೆ, ಅವು ಉರುಟು ಕಲ್ಲಿನ ನಡುವೆ ಕಾಣುವುದೇ ಇಲ್ಲ. ಫೋನಿನಲ್ಲಿ ಕೂಗು ನುಡಿಸಿ ಕರೆಯುವುದು, ಡ್ರೋನ್ ಹಾರಿಸುವುದು ಬೇಡ. ಗೂಡಿನ ಚಿತ್ರವನ್ನು ಜಾಗದ ವಿವರದೊಂದಿಗೆ ಹಂಚಲೂಬೇಡಿ. ಮೇಲೆ ಅಣೆಕಟ್ಟೆಯಿದ್ದರೆ ನೀರು ಬಿಡುವ ಹೊತ್ತನ್ನು ಸ್ಥಳೀಯರಲ್ಲಿ ಕೇಳಿಕೊಂಡೇ ಹೊಳೆಗಿಳಿಯಿರಿ. ಮೋಡವಿಲ್ಲದ ದಿನವೂ ನೀರು ಏಕಾಏಕಿ ಏರಬಹುದು.

ಸಂಜೆಯ ಕೆಲಸ

ಕಂಡದ್ದನ್ನು ಅಂದೇ ಬರೆದಿಡಿ: ಜಾಗ, ಹೊತ್ತು, ಎಷ್ಟಿದ್ದವು, ಏನು ಮಾಡುತ್ತಿದ್ದವು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವ ಇಬರ್ಡ್ ತಾಣಕ್ಕೆ ಪಟ್ಟಿ ಸೇರಿಸಿದರೆ ನಿಮ್ಮ ದಾಖಲೆ ಸಂಶೋಧಕರಿಗೂ ಸಿಗುತ್ತದೆ. ಅದೇ ಸಂಸ್ಥೆಯ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದಾದರೂ, ಕಣ್ಣಾರೆ ಕಾಣದೆ ಪಟ್ಟಿಗೆ ಸೇರಿಸುವ ಆತುರ ಬೇಡ. ಬ್ಯಾಟರಿ ಚಾರ್ಜ್‌ಗೆ ಹಾಕಿ, ಕಾರ್ಡ್‌ನಲ್ಲಿದ್ದುದನ್ನು ಇನ್ನೊಂದು ಕಡೆ ನಕಲು ಮಾಡಿಕೊಳ್ಳಿ. ಎಸಿ ಕೋಣೆಯಲ್ಲಿ ಮಲಗುವವರು ಬೆಳಿಗ್ಗೆ ಹೊರಡುವ ಅರ್ಧ ಗಂಟೆ ಮೊದಲೇ ಕ್ಯಾಮೆರಾ ಬ್ಯಾಗನ್ನು ಮುಚ್ಚಿದ ಹಾಗೆಯೇ ಹೊರಗಿಡಿ. ಇಲ್ಲವಾದರೆ ಹೊಳೆಬದಿಯ ತೇವದ ಗಾಳಿ ತಾಗಿದೊಡನೆ ಲೆನ್ಸಿನ ಮೇಲೆ ಹಬೆ ಕೂತು, ಅದು ಆರುವಷ್ಟರಲ್ಲಿ ಎಳೆಬಿಸಿಲು ಮುಗಿದಿರುತ್ತದೆ.