ರಾಜಿಯ ಕಂತು ತಪ್ಪಿದಾಗ: ಐಸ್ ಬಾಕಿಯೊಂದರ ಅಮಲ್ಜಾರಿ

ಮಲ್ಪೆ ಬಂದರಿನ ಬೋಟುಗಳಿಗೆ ಐಸ್ ಪೂರೈಸುವುದು ನನ್ನ ವೃತ್ತಿ. ಐಸ್ ಮೊದಲು ಕೊಟ್ಟು, ಮೀನು ಮಾರಾಟವಾದ ಮೇಲೆ ಹಣ ಪಡೆಯುವುದು ನನ್ನ ವ್ಯವಹಾರದ ಕ್ರಮ. ಹಾಗೆ ಬೆಳೆದ ಬಾಕಿಗೆ ಬೋಟ್ ಮಾಲೀಕರೊಬ್ಬರು ಕೊಟ್ಟ ಚೆಕ್ ಅಮಾನ್ಯವಾಗಿ, ಉಡುಪಿಯ ನ್ಯಾಯಾಲಯದಲ್ಲಿ ನಾನು ಹೂಡಿದ ಪ್ರಕರಣ, ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತ್‌ಗೆ ಹೋಗಿ, 4,20,000 ರೂಪಾಯಿಯನ್ನು ತಿಂಗಳಿಗೆ 30,000ದಂತೆ 14 ಕಂತುಗಳಲ್ಲಿ ಕೊಡುವುದೆಂದು ರಾಜಿಯಾಯಿತು. ಅಕ್ಟೋಬರಿನಿಂದ ಮೇ ವರೆಗೆ ಎಂಟು ಕಂತುಗಳು ಬಂದವು. ಜೂನ್‌ನಲ್ಲಿ ನಿಂತವು.

ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಆದರೂ ರಾಜಿ ಪತ್ರ ಬರೆಯುವಾಗ ಅದು ನಮ್ಮಿಬ್ಬರ ಮನಸ್ಸಿಗೂ ಬರಲಿಲ್ಲ. "ಬೋಟ್ ಕಡಲಿಗೆ ಇಳಿದ ಕೂಡಲೇ ಕೊಡ್ತೇನೆ ಅಣ್ಣ" ಎಂದು ಅವರು ಹೇಳಿದಾಗ ನಾನು ನಂಬಿ ಕಾದೆ. ಆಗಸ್ಟ್‌ನಲ್ಲಿ ಬೋಟ್ ಇಳಿಯಿತು, ಕಂತು ಬರಲಿಲ್ಲ. ಸೆಪ್ಟೆಂಬರ್ ಕೊನೆಗೆ ನಾನು ವಕೀಲರ ಬಳಿಗೆ ಹೋದೆ.

ಚೆಕ್ ಪ್ರಕರಣವನ್ನೇ ಮತ್ತೆ ಎಬ್ಬಿಸಬೇಕೆಂದು ಹಲವರು ಹೇಳಿದ್ದರು. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಲೋಕ ಅದಾಲತ್‌ನ ಆವಾರ್ಡ್ (ರಾಜಿಯನ್ನು ದಾಖಲಿಸಿದ ತೀರ್ಪು) ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮಾನ. ಅದರ ಮೇಲೆ ಅಪೀಲು ಇಲ್ಲ. ಚೆಕ್ ಪ್ರಕರಣದಲ್ಲಿ ಆದ ರಾಜಿಯನ್ನೂ ಡಿಕ್ರಿಯಂತೆಯೇ ಜಾರಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಸಿವಿಲ್ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ, ಹಾಕುವುದೇ ನಮ್ಮ ದಾರಿಯಾಯಿತು.

ಆವಾರ್ಡಿನ ಪ್ರಮಾಣೀಕೃತ ನಕಲು ಕೈಗೆ ಬಂದಾಗ ಅದರ ಒಂದೊಂದು ಸಾಲಿಗೂ ಎಷ್ಟು ತೂಕವಿದೆಯೆಂದು ತಿಳಿಯಿತು. "ಸತತ ಎರಡು ಕಂತು ತಪ್ಪಿದರೆ ಉಳಿದ ಮೊತ್ತವೆಲ್ಲ ಒಮ್ಮೆಗೇ ಸಲ್ಲತಕ್ಕದ್ದು" ಎಂಬ ಮಾತನ್ನು ನಮ್ಮ ವಕೀಲರು ಅಂದೇ ಹಟ ಹಿಡಿದು ಬರೆಯಿಸಿದ್ದರು. ಅದಿಲ್ಲದಿದ್ದರೆ ವಾಯಿದೆ ಮೀರಿದ ಕಂತುಗಳಿಗಷ್ಟೇ ಅರ್ಜಿ ಹಾಕಿ, ಉಳಿದವುಗಳಿಗೆ ಒಂದೊಂದಾಗಿ ಕಾಯಬೇಕಾಗುತ್ತಿತ್ತು. ಬಡ್ಡಿಯ ಮಾತು ಮಾತ್ರ ಬಿಟ್ಟುಹೋಗಿತ್ತು. ಡಿಕ್ರಿಯಲ್ಲಿ ಇಲ್ಲದ್ದನ್ನು ಜಾರಿ ಮಾಡುವ ನ್ಯಾಯಾಲಯ ಸೇರಿಸುವಂತಿಲ್ಲವಾದ್ದರಿಂದ ತಡವಾದ ತಿಂಗಳುಗಳಿಗೆ ನನಗೆ ಒಂದು ರೂಪಾಯಿ ಬಡ್ಡಿಯೂ ಸಿಗಲಿಲ್ಲ.

ಲೆಕ್ಕದ ಪ್ರಕಾರ ಬಾಕಿ 1,80,000 ಇತ್ತು. ಸೆಪ್ಟೆಂಬರಿನಲ್ಲಿ ನಮ್ಮ ಐಸ್ ಪ್ಲಾಂಟಿನ ಗುಮಾಸ್ತರ ಕೈಗೆ 15,000 ನಗದು ಕೊಟ್ಟಿದ್ದೇನೆಂದು ಬೋಟ್ ಮಾಲೀಕರು ನ್ಯಾಯಾಲಯದಲ್ಲಿ ಹೇಳಿದರು. ಹೊರಗೆ ಕೊಟ್ಟ ಹಣವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 2ನೇ ನಿಯಮದಂತೆ ದಾಖಲಿಸದಿದ್ದರೆ ಜಾರಿ ನ್ಯಾಯಾಲಯ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಗುಮಾಸ್ತರನ್ನು ವಿಚಾರಿಸಿದಾಗ ಹಣ ಬಂದದ್ದು ನಿಜವೆಂದು ತಿಳಿಯಿತು. ನಿಯಮದ ಆಸರೆ ಪಡೆದು ಸುಳ್ಳು ಹೇಳುವುದು ನನ್ನಿಂದಾಗದ ಕಾರಣ ನಾನೇ ಒಪ್ಪಿ ದಾಖಲಿಸಿದೆ. ಅಂದಿನಿಂದ ಕಂತಿನ ಹಣವನ್ನು ಬ್ಯಾಂಕ್ ಮೂಲಕವಲ್ಲದೆ ತೆಗೆದುಕೊಂಡಿಲ್ಲ.

ಬಂಧನಕ್ಕೆ ಕೇಳಿಕೊಳ್ಳಿ, ಹೆದರಿ ಕೊಡುತ್ತಾರೆ ಎಂಬ ಸಲಹೆ ಬಂತು. ಕೊಡಲು ಶಕ್ತಿಯಿಲ್ಲದವನನ್ನು ಬರೀ ಬಾಕಿಗಾಗಿ ಸಿವಿಲ್ ಸೆರೆಗೆ ಹಾಕಲಾಗದೆಂದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿದರೆ ಮಾತು ಬೇರೆ. ಆದ್ದರಿಂದ ನಾವು ಮೊದಲು ಮಾಲೀಕರಿಂದ ಆಸ್ತಿ ವಿವರದ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಕೇಳಿದೆವು. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ ಅದೇ 21ನೇ ಆದೇಶದ 41ನೇ ನಿಯಮದಡಿ ಅದಕ್ಕೆ ಅವಕಾಶವಿದೆ. ನನ್ನ ಅನುಭವದಲ್ಲಿ ಇಡೀ ಅರ್ಜಿಗೆ ಜೀವ ಬಂದದ್ದು ಅಲ್ಲಿಯೇ. ಮೀನು ಖರೀದಿಸುವ ಏಜೆಂಟರೊಬ್ಬರಿಂದ ಮಾಲೀಕರಿಗೆ ಹಣ ಬರಬೇಕಿತ್ತೆಂದು ಅದರಿಂದ ತಿಳಿಯಿತು. ಆ ಬಾಕಿಯನ್ನು ಜಪ್ತಿ ಮಾಡಿಸಿ, 46ಎ ನಿಯಮದಂತೆ ಏಜೆಂಟರಿಗೆ ನೋಟಿಸು ಕೊಡಿಸಿದೆವು. ಏಜೆಂಟರು ತಕರಾರು ಮಾಡದೆ 90,000 ರೂಪಾಯಿ ನ್ಯಾಯಾಲಯಕ್ಕೆ ಕಟ್ಟಿದರು.

ಉಳಿದ 75,000ಕ್ಕೆ ಮಾಲೀಕರೇ ಮಾತಿಗೆ ಬಂದರು. ಫೆಬ್ರವರಿ, ಮಾರ್ಚ್, ಏಪ್ರಿಲ್‌ಗಳಲ್ಲಿ 25,000ದಂತೆ, ನಿಷೇಧದ ದಿನಗಳಿಗೆ ಬಲೆ ಮೇಲೇರುವ ಮೊದಲೇ ಮುಗಿಯುವ ಹಾಗೆ ವಾಯಿದೆ ನಿಗದಿಪಡಿಸಿ ನ್ಯಾಯಾಧೀಶರ ಮುಂದೆ ದಾಖಲಿಸಿದೆವು. ಮೂರೂ ಕಂತುಗಳು ದಿನ ತಪ್ಪದೆ ಬಂದವು. ಡಿಕ್ರಿ ಪೂರ್ತಿ ತೀರಿದೆಯೆಂಬ ಮೆಮೊವನ್ನು ಏಪ್ರಿಲ್ ಕೊನೆಯಲ್ಲಿ ಸಲ್ಲಿಸಿದೆ; ಆಗಸ್ಟ್‌ನಲ್ಲಿ ಅವರ ಬೋಟಿಗೆ ಮತ್ತೆ ನಮ್ಮಲ್ಲಿಂದಲೇ ಐಸ್ ಹೋಯಿತು.